ಹೂಂ ಅಂದ ತಪ್ಪಿಗೆ

ಕೋರ್ಟಿನ ದುಭಾಷಿಗೆ ಸಿಟ್ಟು ಬರಬಾರದು. ಬಂದರೂ ಮುಖದ ಮೇಲೆ ಕಾಣಬಾರದು. ತರಬೇತಿಯಲ್ಲಿ ಇದನ್ನು ಎಷ್ಟು ನಯವಾಗಿ ಹೇಳಿದ್ದರೆಂದರೆ ನಾನೂ ತಲೆಯಾಡಿಸಿ ಬಂದಿದ್ದೆ. ಮನೆಗೆ ಬಂದು ಹೇಳಿದಾಗ ನನ್ನ ಯಜಮಾನರು ತಿರುಮಲೇಶ, ತಿನ್ನುತ್ತಿದ್ದ ಉಪ್ಪಿಟ್ಟು ನೆತ್ತಿಗೆ ಹತ್ತುವಷ್ಟು ನಕ್ಕರು. "ಸರಳಾ, ನಿನಗಾ? ಸಿಟ್ಟು ಬರಬಾರದಾ?" ಅಂದರು. ಅವತ್ತು ರಾತ್ರಿ ನಾನು ಅವರ ಜೊತೆ ಮಾತಾಡಲಿಲ್ಲ.

ಆ ಮಾತಿಗೆ ನಿಜವಾದ ಪರೀಕ್ಷೆ ಬಂದದ್ದು 2009ರ ಫೆಬ್ರವರಿಯಲ್ಲಿ. ಡೆಟ್ರಾಯಿಟ್ ಸುತ್ತಮುತ್ತ ಆಗ ಯಾರ ಮನೆಗೆ ಹೋದರೂ ಕಾಫಿಗಿಂತ ಮುಂಚೆ "ನಿಮ್ಮನೆಯವರ ಕೆಲಸ ಇದೆ ತಾನೆ?" ಅನ್ನುವ ಪ್ರಶ್ನೆ ಬರುತ್ತಿತ್ತು. ಕಾರು ಕಂಪನಿಗಳು ಕೆಮ್ಮಿದರೆ ಬಿಡಿಭಾಗ ಮಾಡುವವರಿಗೆಲ್ಲ ಜ್ವರ ಬರುವ ಊರು ಇದು. ಲಿವೋನಿಯಾದಾಚೆಯ ಡಿಸ್ಟ್ರಿಕ್ಟ್ ಕೋರ್ಟಿನಿಂದ ಫೋನ್ ಬಂತು. ಬಾಡಿಗೆ ಮನೆಯ ತಕರಾರು, ಕನ್ನಡದವರು, ಒಂದು ಫೋನ್ ರೆಕಾರ್ಡಿಂಗ್ ಕೂಡ ಇದೆ, ಬನ್ನಿ ಎಂದರು. ಹಿಂದಿನ ದಿನ ಬಿದ್ದ ಹಿಮವನ್ನು ಕಾರಿನ ಮೇಲಿಂದ ಕೆರೆದು ಹೊರಟೆ.

ಕೋರ್ಟಿನ ಕಾರಿಡಾರಿನಲ್ಲಿ ಒಬ್ಬ ಹುಡುಗಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಹುಡುಗಿ ಎಂದೆ, ಮೂವತ್ತರ ಹತ್ತಿರ ಇರಬಹುದು. ತುಂಬು ಗರ್ಭಿಣಿ. ಕೋಟಿನ ಗುಂಡಿ ಹೊಟ್ಟೆಯ ಮೇಲೆ ಸೇರುತ್ತಿರಲಿಲ್ಲ. ನನ್ನ ಹಣೆಯ ಕುಂಕುಮ ನೋಡಿದ್ದೇ ಎದ್ದು ನಿಂತಳು.

"ಆಂಟಿ, ಕನ್ನಡದವ್ರು ಬರ್ತಾರ ಅಂದಿದ್ರು, ನೀವ ಏನ್ರಿ?"

"ಹೌದಮ್ಮ, ನಾನೇ. ಆದರೆ ಇಲ್ಲಿ ನಾವು ಕೇಸಿನ ವಿಷಯ ಮಾತಾಡೋ ಹಾಗಿಲ್ಲ."

"ಮಾತಾಡಬ್ಯಾಡ್ರಿ, ಬರೇ ಕೇಳ್ರಿ. ನಾ ಏನೂ ಒಪ್ಪಿಲ್ರಿ. ಹೀಟರ್ ರಿಪೇರಿ ಮಾಡಸ್ರಿ ಅಂದಿದ್ದೆ, ಅಷ್ಟ. ಮನಿ ಬಿಟ್ಟು ನಡಿ ಅನ್ನಾಕತ್ತಾರ. ಈ ಹೊಟ್ಟಿ ಹೊತ್ಕೊಂಡು ಎಲ್ಲಿ ಹೋಗ್ಲಿ?"

ನಾನು ಏನೂ ಹೇಳದೆ ಅವಳನ್ನು ಕೂರಿಸಿದೆ. ಹೇಳಬಾರದು ಎಂಬ ನಿಯಮ ಮಾಡಿದವರು ಯಾರೋ ಪುಣ್ಯಾತ್ಮರು, ಅಂಥ ಹೆಂಗಸಿನ ಮುಖವನ್ನು ಎದುರಿಗೆ ನಿಂತು ನೋಡಿರಲಿಕ್ಕಿಲ್ಲ.

ಅವಳ ಹೆಸರು ರೇಣು. ಕೊಪ್ಪಳದ ಕಡೆಯವಳು. ಕೇಸಿನ ಕಾಗದದಲ್ಲಿ ನಾನು ಓದಿಕೊಂಡದ್ದು ಇಷ್ಟು. ಗಂಡ ಪಂಚಾಕ್ಷರಿ ಎಂಜಿನಿಯರ್. ಇಲ್ಲಿ ಕೆಲಸ ಹೋದ ಮೇಲೆ ಚಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಕಾಂಟ್ರ್ಯಾಕ್ಟ್ ಹಿಡಿದಿದ್ದ. ಐದು ಗಂಟೆ ಡ್ರೈವ್ ಮಾಡಿಕೊಂಡು ಶನಿವಾರ ಬಂದು ಭಾನುವಾರ ಹೋಗುತ್ತಿದ್ದ. ವಾರದ ನಡುವೆ ರಜೆ ಕೇಳಿದರೆ ಆ ಕುರ್ಚಿಗೆ ಇನ್ನೊಬ್ಬ ಬಂದು ಕೂರುವ ಕಾಲ. ಆದ್ದರಿಂದ ಕ್ಯಾಂಟನ್ನಿನ ಅಪಾರ್ಟ್‌ಮೆಂಟಿನಲ್ಲಿ ರೇಣು ಮತ್ತು ಆರು ವರ್ಷದ ಮಗಳು ಅಕ್ಷರಾ ಇಬ್ಬರೇ. ನವೆಂಬರಿನಲ್ಲಿ ಮಲಗುವ ಕೋಣೆಗಳ ಹೀಟರ್ ಕೈಕೊಟ್ಟಿತು. ಗೋಡೆಗೆ ಕಪ್ಪು ಬೂಷ್ಟು ಹತ್ತಿತು. ಅಪಾರ್ಟ್‌ಮೆಂಟಿನ ಆಫೀಸಿಗೆ ಅಲೆದಲೆದು ಅವಳ ಚಪ್ಪಲಿ ಸವೆಯಿತೇ ಹೊರತು ರಿಪೇರಿಯವನು ಬರಲಿಲ್ಲ.

ಅಷ್ಟರಲ್ಲಿ ಬಂದದ್ದು ಕ್ಲೇಮ್ ಕಂಪನಿಯ ಫೋನು. ಆ ಚಳಿಗಾಲದಲ್ಲಿ ಇಂಥ ಕಂಪನಿಗಳು ಅಣಬೆಯ ಹಾಗೆ ಎದ್ದಿದ್ದವು. ಮನೆ ರಿಪೇರಿ ಮಾಡಿಸದ ಮಾಲೀಕರ ಮೇಲೆ ಬಾಡಿಗೆದಾರರ ಪರವಾಗಿ ಕ್ಲೇಮ್ ಹಾಕಿ ಪರಿಹಾರ ಕೊಡಿಸುತ್ತೇವೆ ಎನ್ನುವುದು ಅವರ ವ್ಯಾಪಾರ. ವಕೀಲರಲ್ಲ, ಸರ್ಕಾರದವರೂ ಅಲ್ಲ. ಸಹಿ ಬೇಕಿಲ್ಲ, ಫೋನಿನಲ್ಲಿ ಒಪ್ಪಿದರೆ ಸಾಕು ಎನ್ನುತ್ತಿದ್ದರು. ಈ ಕಂಪನಿ ರೇಣುವಿನ ಪರವಾಗಿ ಮಾಲೀಕರ ಜೊತೆ ಒಂದು ರಾಜಿ ಮಾಡಿಕೊಂಡಿತ್ತು: ರಿಪೇರಿಯ ದೂರು ಬಿಡುತ್ತೇವೆ, ಜನವರಿ ಮುಗಿಯುವುದರೊಳಗೆ ಮನೆಯನ್ನೂ ಬಿಡುತ್ತೇವೆ. ಬದಲಿಗೆ ಮಾಲೀಕರು ಕೊಟ್ಟ ದುಡ್ಡಿನಲ್ಲಿ ಬಹುಪಾಲು ಕಂಪನಿಯ ಜೇಬಿಗೆ. ಒಂದು ಮೊಳೆ ಹೊಡೆಯದೆ, ದೂರು ಹೇಳುವ ಬಾಡಿಗೆದಾರಳೇ ತೊಲಗುತ್ತಾಳೆಂದರೆ ಯಾವ ಮಾಲೀಕ ಬೇಡವೆಂದಾನು? ರೇಣುವಿಗೆ ಇದೆಲ್ಲ ತಿಳಿದದ್ದು ಮನೆ ಖಾಲಿ ಮಾಡಿ ಎಂಬ ನೋಟಿಸು ಬಾಗಿಲಿಗೆ ಅಂಟಿದ ಮೇಲೆ. ಅವಳು ಬಿಡಲಿಲ್ಲ. ಮಾಲೀಕರು ಕೋರ್ಟಿಗೆ ಬಂದರು.

ಇವತ್ತು ಜಡ್ಜ್ ಆ ರಾಜಿಯನ್ನು ಎತ್ತಿಹಿಡಿದರೆ ಹತ್ತು ದಿನದಲ್ಲಿ ಅವಳ ಸಾಮಾನು ಹಿಮದ ಮೇಲೆ ಬೀಳುತ್ತದೆ. ಕೋರ್ಟಿನಿಂದ ಹೊರಹಾಕಿಸಿಕೊಂಡವರು ಎಂಬ ಮುದ್ರೆ ಒಮ್ಮೆ ಬಿತ್ತೆಂದರೆ, ಗಂಡನಿಗೆ ಪರ್ಮನೆಂಟ್ ಕೆಲಸವಿಲ್ಲದ ಆ ಸಂಸಾರಕ್ಕೆ ಸುತ್ತಮುತ್ತ ಯಾರೂ ಮನೆ ಕೊಡುವುದಿಲ್ಲ. ಹೆರಿಗೆಗೆ ಇನ್ನೊಂದು ತಿಂಗಳೂ ಇರಲಿಲ್ಲ.

ಬಾಗಿಲು ತೆರೆಯುವ ಹೊತ್ತಿಗೆ ಕಂಪನಿಯವರು ಬಂದರು. ಮುಂದೆ ಮ್ಯಾನೇಜರ್, ಬೂದು ಸೂಟಿನ ಅಮೆರಿಕನ್. ಅವನ ಹಿಂದೆ ಬಂದವನನ್ನು ನಾನು ಬಲ್ಲೆ. ಈರೇಶ್. ಹಬ್ಬದ ದಿನ ದೇವಸ್ಥಾನದ ಪಾರ್ಕಿಂಗಿನಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು "ಈ ಕಡೆ ಬರ್ರಿ, ಇಲ್ಲೆ ಜಾಗ ಐತಿ" ಎಂದು ನಮ್ಮ ಕಾರುಗಳಿಗೆ ದಾರಿ ತೋರಿಸುತ್ತಿದ್ದ ಧಾರವಾಡದ ಎಂಜಿನಿಯರ್. ಲಿವೋನಿಯಾದ ಬ್ರೇಕ್ ಕಾರ್ಖಾನೆ ಅರ್ಧ ಜನರನ್ನು ಮನೆಗೆ ಕಳಿಸಿದಾಗ ಅವನ ಹೆಸರೂ ಇತ್ತೆಂದು ಕೇಳಿದ್ದೆ. ಆಮೇಲೆ ಹೊಟ್ಟೆಪಾಡಿಗೆ ಏನು ಹಿಡಿದನೆಂದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. "ನಮಸ್ಕಾರ ಮೇಡಂ" ಎಂದ, ನನ್ನ ಬೂಟು ನೋಡುತ್ತಾ.

ಜಡ್ಜ್ ಅರವತ್ತು ದಾಟಿದ ಹೆಂಗಸು. ಕನ್ನಡಕ ಮೂಗಿನ ತುದಿಯಲ್ಲಿ, ನಗು ಎಲ್ಲಿಯೂ ಇಲ್ಲ. ಅಲ್ಲಿ ಇಂಗ್ಲಿಷಿನಲ್ಲಿ ನಡೆದದ್ದನ್ನು ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ. ಸತ್ಯವಾಗಿ, ಕೂಡಿಸದೆ ಕಳೆಯದೆ ಅನುವಾದಿಸುತ್ತೇನೆ ಎಂದು ಪ್ರಮಾಣ ಮಾಡಿದೆ. ಈರೇಶನನ್ನು ದೇವಸ್ಥಾನದಲ್ಲಿ ನೋಡಿದ್ದೇನೆ ಎಂಬುದನ್ನೂ ಹೇಳಿದೆ. ಯಾರೂ ಆಕ್ಷೇಪ ಎತ್ತಲಿಲ್ಲ. ರೇಣುವಿಗೆ ವಕೀಲರಿರಲಿಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ನಾನು ಕೂತೆ, ಆದರೆ ಅವಳ ಪಕ್ಷದಲ್ಲಿ ಅಲ್ಲ. ಇದನ್ನು ಅವಳಿಗೆ ಹೇಗೆ ತಿಳಿಸಲಿ?

ಮಾಲೀಕರ ವಕೀಲ ಚುರುಕು ಮನುಷ್ಯ. "ಫೋನ್ ಮಾಡಿದ ಏಜೆಂಟ್ ಈಕೆಯ ಭಾಷೆಯಲ್ಲೇ ಎಲ್ಲ ವಿವರಿಸಿದ್ದಾನೆ. ಈಕೆ ಒಂದೊಂದಕ್ಕೂ ಒಪ್ಪಿದ್ದಾಳೆ. ಬೇಕಾದರೆ ಕೇಳಿ," ಎಂದು ರೆಕಾರ್ಡಿಂಗ್ ಹಾಕಿದ.

ಈರೇಶನ ದನಿ ಕೋರ್ಟು ತುಂಬಿತು. "ತಂಗೀ, ಗುಡಿಯಾಗ ನಿಮ್ಮ ನಂಬರ್ ಇಸ್ಕೊಂಡಿದ್ನೆಲ್ಲ, ಅವನ. ನಾನೂ ನಿಮ್ಮ ಕಡ್ಯಾಂವನ, ಧಾರವಾಡದಾಂವ. ನಿಮ್ಮ ಮನ್ಯಾಗಿನ ಹೀಟರಿಂದು, ಬೂಷ್ಟಿಂದು ಎಲ್ಲಾ ನಮ್ಮ ಕಂಪನಿ ನೋಡ್ಕೊಂತೈತಿ."

"ಹೂಂ," ಎಂದಿತು ರೇಣುವಿನ ದನಿ.

"ಮಾಲಕರ ಕೂಡ ನಿಮ್ಮ ಪರವಾಗಿ ನಾವ ಮಾತಾಡ್ತೀವಿ. ಸೆಟಲ್‌ಮೆಂಟ್ ಅಥಾರಿಟಿ ನಮಗ ಇರ್ತೈತಿ."

"ಹೂಂ."

"ಅವರು ಏನರ ಆಫರ್ ಕೊಟ್ರ, ಪ್ರಿಮೈಸಿಸ್ ಸರೆಂಡರ್ ಮಾಡೂದು ಬಂದ್ರೂ, ನಾವ ಫೈನಲ್ ಮಾಡ್ತೀವಿ."

"ಹೂಂ."

ನನಗೆ ಕೂತಲ್ಲೇ ಮೈ ಉರಿಯಿತು. ಕನ್ನಡ ಬಲ್ಲ ಯಾರು ಕೇಳಿದರೂ ಅದು ಒಪ್ಪಿಗೆಯ ಹೂಂ ಅಲ್ಲ, ಕೇಳುತ್ತಿದ್ದೇನೆ ಎನ್ನುವ ಹೂಂ ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ಹೂಂಗುಟ್ಟುತ್ತಿರಬೇಕು. ಅಜ್ಜಿ ಕಥೆ ಹೇಳುವಾಗ ನಾವು ಮಕ್ಕಳು ಹೂಂಗುಟ್ಟುವುದು ನಿಲ್ಲಿಸಿದರೆ ಕಥೆಯೇ ನಿಲ್ಲುತ್ತಿತ್ತು. ಫೋನಿನಲ್ಲಂತೂ ಸುಮ್ಮನಿದ್ದರೆ ಆ ಕಡೆಯವರು "ಹಲೋ, ಹಲೋ" ಎಂದು ಲೈನು ಹೋಯಿತೆಂದುಕೊಳ್ಳುತ್ತಾರೆ. ಹಾಗೆಂದು "ಊಟಕ್ಕೆ ಬರ್ತೀಯಾ?" ಎಂದರೆ "ಹೂಂ" ಅನ್ನುವುದೂ ಉಂಟು, ಅದು ಒಪ್ಪಿಗೆಯೇ. ಯಾವುದು ಯಾವುದೆಂದು ನಮ್ಮ ಕಿವಿಗೆ ಗೊತ್ತು. ಆ ಗೊತ್ತಿರುವುದನ್ನೇ ಈರೇಶ್ ಬಂಡವಾಳ ಮಾಡಿಕೊಂಡಿದ್ದ. ಒಬ್ಬ ಅಮೆರಿಕನ್ ಏಜೆಂಟಿಗೆ ಈ ಕಳ್ಳದಾರಿ ಹೊಳೆಯುತ್ತಲೂ ಇರಲಿಲ್ಲ.

ನಾನು ಎದ್ದು ನಿಂತೆ. "ಈ ಪದಕ್ಕೆ ಒಂದು ವಿವರಣೆ ಕೊಡಲು ದುಭಾಷಿಗೆ ಅನುಮತಿ ಬೇಕು."

"ಆಕ್ಷೇಪ!" ವಕೀಲ ನನಗಿಂತ ಬೇಗ ಎದ್ದಿದ್ದ. "ದುಭಾಷಿ ಸಾಕ್ಷಿಯಲ್ಲ. ಆಕೆ ಅನುವಾದ ಮಾಡಲಿ, ಪಾಠ ಮಾಡುವುದು ಬೇಡ."

ಜಡ್ಜ್ ಸ್ವಲ್ಪ ಯೋಚಿಸಿದರು. "ಅವರು ಹೇಳುವುದು ಸರಿ. ವಿವರಣೆ ಬೇಡ. ಆ ಪದಕ್ಕೆ ಅತಿ ಹತ್ತಿರದ ಇಂಗ್ಲಿಷ್ ಪದ ಯಾವುದು?"

ಬೇರೆ ಏನಾದರೂ ಹೇಳಿಬಿಡಬಹುದಿತ್ತು. ಆ ಕೋಣೆಯಲ್ಲಿ ನನ್ನನ್ನು ತಿದ್ದಬಲ್ಲವರು ಇಬ್ಬರೇ, ರೇಣು ಮತ್ತು ಈರೇಶ್. ರೇಣು ತಿದ್ದುವುದಿಲ್ಲ. ಈರೇಶ್ ತಿದ್ದಿದರೆ ನನ್ನ ಅನುವಾದವೆಲ್ಲ ಬಿದ್ದುಹೋಗುತ್ತದೆ, ಜೊತೆಗೆ ರೇಣುವೂ. ಅದಕ್ಕಿಂತ ಹೆಚ್ಚಾಗಿ, ನಾನು ಪ್ರಮಾಣ ಮಾಡಿದ್ದೆ.

"ಯೆಸ್," ಎಂದೆ.

"ಹಾಗಿದ್ದರೆ ಆ ಶಬ್ದ ಬಂದಾಗೆಲ್ಲ ದುಭಾಷಿ 'ಯೆಸ್' ಎಂದೇ ಅನುವಾದಿಸಲಿ. ಹೀಗೆ ನಿರ್ದೇಶನ ಕೊಡಬೇಕೆಂದು ಕೋರುತ್ತೇನೆ," ಎಂದ ವಕೀಲ. ಅವನ ಮುಖದಲ್ಲಿ ಗೆದ್ದ ಕಳೆ.

"ಆಗಲಿ," ಎಂದರು ಜಡ್ಜ್. "ಒಂದೇ ಪದಕ್ಕೆ ಒಂದೇ ಅನುವಾದ. ಮುಂದುವರಿಸಿ."

ರೆಕಾರ್ಡಿಂಗ್ ಮತ್ತೆ ಮೊದಲಿಂದ ಓಡಿತು. ನಾನು ಕಲ್ಲಿನಂಥ ಮುಖ ಇಟ್ಟುಕೊಂಡು ಹೇಳುತ್ತಾ ಹೋದೆ. ರಾಜಿ ಮಾಡುವ ಅಧಿಕಾರ ನಮಗಿರುತ್ತದೆ. ಯೆಸ್. ಮನೆ ಬಿಟ್ಟುಕೊಡುವುದು ಬಂದರೂ ನಾವೇ ತೀರ್ಮಾನಿಸುತ್ತೇವೆ. ಯೆಸ್. 'ಯೆಸ್' ಎನ್ನುವಷ್ಟು ಇಂಗ್ಲಿಷು ರೇಣುವಿಗೆ ಬರುತ್ತಿತ್ತು. ಅವಳು ನನ್ನ ಕಡೆ ತಿರುಗಿದಳು. ಕಾರಿಡಾರಿನಲ್ಲಿ ನನ್ನ ಕುಂಕುಮ ನೋಡಿ ಎದ್ದು ನಿಂತಿದ್ದ ಆ ಮುಖದಲ್ಲಿ ಈಗ ಇದ್ದದ್ದು ಬರೀ ಹೆದರಿಕೆ. ಈರೇಶನ ಜೊತೆಗೆ ನನ್ನನ್ನೂ ಸೇರಿಸಿ ನೋಡುತ್ತಿದ್ದಳು. ನನಗೆ ಅಳು ಬರುವಂತಾಯಿತು, ಅದಕ್ಕಿಂತ ಹೆಚ್ಚು ಆ ವಕೀಲನ ಟೈ ಹಿಡಿದು ಎಳೆಯಬೇಕೆನಿಸಿತು.

ವಕೀಲ ಗುಂಡಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದ. "ಮುಂದಿನದು ಸುಮ್ಮನೆ ಮಾತುಕತೆ. ನಮ್ಮ ವಾದಕ್ಕೆ ಇಷ್ಟು ಸಾಕು."

ಜಡ್ಜ್ ಪೆನ್ನು ಕೈಗೆತ್ತಿಕೊಂಡು ರೇಣುವಿನ ಕಡೆ ನೋಡಿದರು. "ನೀವು ಹೇಳುವುದೇನಾದರೂ ಇದೆಯೇ?"

ನಾನು ಕನ್ನಡದಲ್ಲಿ ಕೇಳಿದೆ. ರೇಣು ಮೇಜು ಹಿಡಿದುಕೊಂಡು ಎದ್ದಳು.

"ಬರೇ ನಾ ಕೇಳಿದ್ದಷ್ಟ ಹಾಕ್ಯಾರಲ್ರಿ, ನಾ ಆಡಿದ್ದು ಎಲ್ಲೈತಿ? ಅಣ್ಣಾರು ಮಾತಾಡೂತನಕ ನಾ ಕೇಳೀನಿ. ಆಮ್ಯಾಲೆ ನಾ ಮಾತಾಡೀನಿ, ಅಣ್ಣಾರು ಕೇಳ್ಯಾರ. ಅದನ್ನೂ ಹಾಕ್ರಿ."

ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ಅನುವಾದಿಸಿದೆ. ಜಡ್ಜ್ ಪೆನ್ನು ಕೆಳಗಿಟ್ಟರು. "ಪೂರ್ತಿ ಹಾಕಿ," ಎಂದರು. ವಕೀಲ ಸಮಯದ ಮಾತೆತ್ತಿದ. "ನನಗೆ ಸಮಯವಿದೆ," ಎಂದರು ಅವರು. ಹಿಂದಿನ ಸಾಲಿನಲ್ಲಿ ಈರೇಶ್ ತಲೆ ತಗ್ಗಿಸಿದ್ದನ್ನು ನಾನು ಕಂಡೆ. ಮುಂದೆ ಏನಿದೆಯೆಂದು ಅವನಿಗೆ ನೆನಪಿತ್ತು.

ಯಂತ್ರ ಮತ್ತೆ ಓಡಿತು. ಈಗ ರೇಣುವಿನ ದನಿ. ಪಾಪ, ಎಷ್ಟು ದಿನದಿಂದ ಕನ್ನಡದಲ್ಲಿ ಕಷ್ಟ ಹೇಳಿಕೊಂಡಿರಲಿಲ್ಲವೋ, ಕಟ್ಟೆ ಒಡೆದ ಹಾಗೆ ಮಾತಾಡಿದ್ದಳು.

"ಅಣ್ಣಾರ, ಕೂಸು ಕೋಟ್ ಹಾಕ್ಕೊಂಡ ಮಕ್ಕೊಂತಾಳ್ರಿ. ರಾತ್ರಿ ಪೂರಾ ಕೆಮ್ಮು."

"ಹೂಂ," ಎಂದಿತು ಈರೇಶನ ದನಿ.

"ಯೆಸ್," ಎಂದೆ ನಾನು.

"ನಮ್ಮನ್ಯಾವ್ರು ಚಿಕಾಗೋದಾಗ ಅದಾರ. ಮಾರ್ಚಿಗೆ ನನ್ನ ಹೆರಿಗಿ ಐತಿ. ಹೀಟರ್ ಒಂದು ರಿಪೇರಿ ಮಾಡಿಸಿಕೊಡ್ರಿ, ರೊಕ್ಕ ಗಿಕ್ಕ ಏನೂ ಬ್ಯಾಡ."

"ಹೂಂ."

"ಯೆಸ್."

ವಕೀಲ ಕುರ್ಚಿಯಲ್ಲಿ ಅಲುಗಾಡಿದ. ಅಷ್ಟರಲ್ಲಿ ರೆಕಾರ್ಡಿಂಗಿನ ಹಿಂದಿನಿಂದ ಒಂದು ಸಣ್ಣ ದನಿ ಬಂತು, "ಮಮ್ಮೀ, ಐಯಾಮ್ ಕೋಲ್ಡ್." ಅಕ್ಷರಾಳದು. ಅದನ್ನು ನಾನು ಅನುವಾದಿಸಬೇಕಿರಲಿಲ್ಲ.

"ಬಂದೆ ಚಿನ್ನಾ, ತಡಿ," ಎಂದ ರೇಣು ಮತ್ತೆ ಫೋನಿಗೆ ಬಂದಿದ್ದಳು. "ಅಣ್ಣಾರ, ಒಂದ ಮಾತು. ಏನರ ಆಗ್ಲಿ, ಹೆರಿಗಿ ಆಗೂತನಕ ನಾ ಈ ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ. ಮಾಲಕರಿಗೆ ಹಂಗ ಹೇಳ್ರಿ."

"ಹೂಂ, ಹೂಂ," ಎಂದಿತು ಈರೇಶನ ದನಿ.

ನನ್ನ ಮುಖ ಅದೇ ಕಲ್ಲಿನ ಮುಖ. ದನಿ ಅದೇ ದನಿ. "ಹೆರಿಗೆಯಾಗುವ ತನಕ ನಾನು ಈ ಮನೆ ಬಿಟ್ಟು ಹೋಗುವುದಿಲ್ಲ, ಮಾಲೀಕರಿಗೆ ಹಾಗೆಂದು ಹೇಳಿ. ಉತ್ತರ: ಯೆಸ್, ಯೆಸ್."

"ಇದು ತಪ್ಪು!" ವಕೀಲ ಎದ್ದುಬಿಟ್ಟ. "ಅವನು ಒಪ್ಪಿಕೊಂಡದ್ದಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಾನೆ, ಅಷ್ಟೆ. ಯಾರಿಗಾದರೂ ಗೊತ್ತಾಗುತ್ತದೆ!"

ಹೇಳಿದ ಮೇಲೆ ತನ್ನ ಮಾತು ತನ್ನ ಕಿವಿಗೆ ಬಿತ್ತೇನೋ, ಎದ್ದವನು ಹಾಗೇ ನಿಂತ.

ಜಡ್ಜ್ ಕನ್ನಡಕ ತೆಗೆದು ಒರೆಸಿಕೊಂಡರು. "ಬೆಳಗಿನಿಂದ ಆ ಶಬ್ದ ಅಂದರೆ ಒಪ್ಪಿಗೆ ಎಂದು ನನಗೆ ಕಲಿಸಿದವರು ನೀವು. ಕೂತುಕೊಳ್ಳಿ. ಇದನ್ನು ಆ ಭಾಷೆಯವರನ್ನೇ ಕೇಳೋಣ." ಅವರು ಈರೇಶನನ್ನು ಮುಂದೆ ಕರೆದು ಪ್ರಮಾಣ ಮಾಡಿಸಿದರು. "ಈಕೆ ಮನೆ ಬಿಡುವುದಿಲ್ಲ ಎಂದಾಗ ನೀವೂ ಆ ಶಬ್ದವನ್ನೇ ಅಂದಿರಿ. ಒಪ್ಪಿದಿರೋ, ಕೇಳಿಸಿಕೊಂಡಿರೋ?"

ಈರೇಶ್ ಹಿಂದಿನ ಸಾಲಿನತ್ತ ನೋಡಿದ. ಬೂದು ಸೂಟಿನ ಮ್ಯಾನೇಜರ್ ಅವನನ್ನೇ ನೋಡುತ್ತಿದ್ದ, ತಲೆಯನ್ನು ಒಂದಿಷ್ಟೇ ಆಚೀಚೆ ಆಡಿಸಿದ. ಒಪ್ಪಿದೆ ಎಂದರೆ, ಅವಳು ಮನೆ ಬಿಡುವುದಿಲ್ಲವೆಂದು ಕಂಪನಿ ಒಪ್ಪಿದ ಹಾಗೆ. ಬರೀ ಕೇಳಿಸಿಕೊಂಡೆ ಎಂದರೆ ರೇಣುವಿನ ಹೂಂಗೂ ಅದೇ ಅರ್ಥ. ನೆನಪಿಲ್ಲ ಎಂದು ಜಾರಿಕೊಳ್ಳುವ ದಾರಿಯೊಂದಿತ್ತು. ಮ್ಯಾನೇಜರ್ ತೋರಿಸಿದ್ದು ಅದೇ ಇರಬೇಕು. ಮನೆಯಲ್ಲಿ ಹೆಂಡತಿ, ಹೈಸ್ಕೂಲಿನ ಮಕ್ಕಳು. ಇರುವ ಈ ಕೆಟ್ಟ ಕೆಲಸವೂ ಹೋದರೆ ಮತ್ತೆ ಬೀದಿ. ನನಗೆ ಅವನ ಮೇಲೆ ಕೊತಕೊತ ಕುದಿಯುವಷ್ಟು ಸಿಟ್ಟಿತ್ತು. ಆದರೂ ಆ ಕ್ಷಣದಲ್ಲಿ ಅವನ ಜಾಗದಲ್ಲಿ ನಿಲ್ಲುವುದು ನನಗೆ ಬೇಡವಾಗಿತ್ತು.

"ಉತ್ತರ ಕೊಡಿ," ಎಂದರು ಜಡ್ಜ್.

ಅವನು ಇಂಗ್ಲಿಷು ಚೆನ್ನಾಗಿ ಬಲ್ಲವನು. ಕಾರ್ಖಾನೆಯಲ್ಲಿ ಅಮೆರಿಕನ್ನರಿಗೆ ಬ್ರೇಕಿನ ಪಾಠ ಹೇಳಿದವನು. ಆದರೆ ರೇಣುವಿನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

"ಬರೇ ಕೇಳಾಕತ್ತಿದ್ದೆ, ತಂಗಿ. ನೀನೂ ಬರೇ ಕೇಳಾಕತ್ತಿದ್ದಿ. ಅದು ನನಗ ಅವತ್ತ ಗೊತ್ತಿತ್ತು."

ನಾನು ಅನುವಾದಿಸಿದೆ. ಕೊನೆಯ ವಾಕ್ಯಕ್ಕೆ ಬಂದಾಗ ನನ್ನ ದನಿ ಒಡೆಯಿತು. ತರಬೇತಿ ಕೊಟ್ಟವರು ಬೇಕಾದರೆ ಮಾರ್ಕು ಕಡಿಮೆ ಮಾಡಲಿ.

ಜಡ್ಜ್ ತಡಮಾಡಲಿಲ್ಲ. ಆ ರಾಜಿಗೆ ಬೆಲೆಯಿಲ್ಲ, ರೇಣು ಒಪ್ಪಿಗೆ ಕೊಟ್ಟೇ ಇಲ್ಲ. ಲೀಸು ಮುಗಿಯುವ ತನಕ ಅವಳನ್ನು ಯಾರೂ ಅಲ್ಲಾಡಿಸುವಂತಿಲ್ಲ. ಹೀಟರ್ ಈ ವಾರವೇ ರಿಪೇರಿಯಾಗಬೇಕು. ಕನ್ನಡದಲ್ಲಿ ಇದನ್ನು ಕೇಳಿದ ರೇಣು ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ದುಭಾಷಿ ಎನ್ನುವುದನ್ನು ಮರೆತು ಅವಳ ಬೆನ್ನು ಸವರಿದೆ.

"ಇನ್ನೊಂದು ಮಾತು," ಎಂದರು ಜಡ್ಜ್, ಖಾಲಿಯಾಗಿದ್ದ ಹಿಂದಿನ ಸಾಲನ್ನು ನೋಡುತ್ತಾ. ಮ್ಯಾನೇಜರ್ ಆಗಲೇ ಎದ್ದು ಹೋಗಿದ್ದ. "ಉಗುರಿಗೆ ಬಣ್ಣ ಹಚ್ಚುವವರಿಗೆ ಲೈಸೆನ್ಸ್ ಕೇಳುತ್ತೇವೆ. ಇನ್ನೊಬ್ಬರ ಮನೆಯನ್ನು ಫೋನಿನಲ್ಲಿ ಬಿಟ್ಟುಕೊಡುವ ಈ ಕಂಪನಿ ಯಾರ ಹದ್ದುಬಸ್ತಿನಲ್ಲೂ ಇಲ್ಲ. ನಾಳೆ ಬೆಳಿಗ್ಗೆ ಅವರು ಮತ್ತೆ ಫೋನ್ ಎತ್ತಿದರೆ ತಡೆಯಲು ನನ್ನ ಕೈಯಲ್ಲಿ ಏನೂ ಇಲ್ಲ. ಇಂಥವರಿಗೆ ಕಡಿವಾಣ ಹಾಕುವ ಮಸೂದೆಯೊಂದು ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಶಾಸಕರ ಸಮಿತಿಯ ಮುಂದಿದೆ. ನನ್ನ ಆದೇಶದ ಪ್ರತಿ ಕಳಿಸುತ್ತೇನೆ. ಆದರೆ ಒಂದು ಮನೆಯ ಕಥೆಗೆ ಸಮಿತಿಗಳು ಅಲುಗಾಡುವುದಿಲ್ಲ."

ಇದನ್ನೂ ರೇಣುವಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಕೇಳಿಸಿಕೊಂಡಳು.

ಕೇಸು ಮುಗಿದ ಮೇಲೆ ನಿಯಮವೂ ಮುಗಿಯಿತು. "ನಡಿಯಮ್ಮ, ಮನೆಗೆ ಬಿಡ್ತೀನಿ," ಎಂದು ಅವಳನ್ನು ಪಾರ್ಕಿಂಗಿಗೆ ಕರೆದುಕೊಂಡು ಹೋದೆ. ಹಿಮದ ಗಾಳಿ ಕಿವಿ ಕೊಯ್ಯುತ್ತಿತ್ತು. ಈರೇಶ್ ಅಲ್ಲೇ ನಿಂತಿದ್ದ. ಬಂದದ್ದು ಮ್ಯಾನೇಜರನ ಕಾರಿನಲ್ಲಿ. ಆ ಮಹಾಶಯ ಕಂಪನಿಯ ಫೋನು ಕಿತ್ತುಕೊಂಡು, ಇವನನ್ನು ಅಲ್ಲೇ ಬಿಟ್ಟು ಹೋಗಿದ್ದ. ಆ ಕಡೆ ಬಸ್ಸು ಎಂಬುದು ಕನಸಿನ ಮಾತು. ಸರಿಯಾಯಿತು, ನಡೆದುಕೊಂಡು ಹೋಗಲಿ ಎಂದುಕೊಂಡೆ. ನಾನೇನು ದೊಡ್ಡ ಮನಸ್ಸಿನ ಹೆಂಗಸಲ್ಲ.

ರೇಣು ಕಾರು ಹತ್ತದೆ ಅವನ ಮುಂದೆ ಹೋಗಿ ನಿಂತಳು.

"ಅಣ್ಣಾರ, ನನ್ನಂಗ ಇನ್ನ ಎಷ್ಟ ಮಂದಿಗೆ ಫೋನ್ ಹಚ್ಚೀರಿ?"

ಅವನು ಬೂಟಿನ ತುದಿಯಿಂದ ಹಿಮ ಕೆದಕಿದ.

"ನಮ್ಮ ಮಂದಿಗೇ ಹಚ್ಚೀರಲ್ರಿ? ಗುಡಿಯಾಗ ನಂಬರ್ ಇಸ್ಕೊಂಡಿರಿ. ನನ್ನ ನಂಬರೂ ಅಲ್ಲೇ ಇಸ್ಕೊಂಡದ್ದು."

"ಭಾಳ ಮಂದಿ," ಎಂದ. "ಯಾರೂ ಕೋರ್ಟಿಗೆ ಬರಲಿಲ್ಲ ತಂಗಿ. ನೋಟಿಸ್ ಬಂದ ಕೂಡ್ಲೆ ಅಂಜಿ ಖಾಲಿ ಮಾಡಿದ್ರು. ಚಂದ್ರಶೇಖರ, ನನ್ನ ಕೂಡ ಅದ ಪ್ಲಾಂಟಿನ್ಯಾಗ ಇದ್ದಾಂವ, ದಿನಾ ಇಬ್ರೂ ಕೂಡೇ ಬುತ್ತಿ ಬಿಚ್ಚತಿದ್ವಿ. ಅವರ ಮನಿಗೂ ಹಚ್ಚೀನಿ. ಅವನ ಹೆಂಡ್ತಿ, ನಮ್ಮ ವೈನಿ, ಎತ್ತಿದ್ರು. ಹೂಂ ಹೂಂ ಅಂದ್ರು."

"ಈಗ ಎಲ್ಲದಾರ ಅವರು?"

"ಗೊತ್ತಿಲ್ಲ ತಂಗಿ."

ನನಗೆ ತಡೆಯಲಾಗಲಿಲ್ಲ. "ಗೊತ್ತಿಲ್ವಾ? ಜೊತೇಲಿ ಊಟ ಮಾಡಿದ ಸ್ನೇಹಿತ ಎಲ್ಲಿಗೆ ಹೋದ ಅಂತ ಗೊತ್ತಿಲ್ವಾ? ನಾಚಿಕೆ ಆಗಲ್ವೇನ್ರಿ ನಿಮಗೆ?"

"ಆಗ್ತೈತ್ರಿ ಮೇಡಂ," ಎಂದ. ಈ ಸಲ ನನ್ನ ಮುಖ ನೋಡಿ ಹೇಳಿದ.

ರೇಣು ಒಂದು ಕೈಯಿಂದ ಸೊಂಟ ಹಿಡಿದುಕೊಂಡಿದ್ದಳು. "ನಿಮ್ಮ ಸ್ವಂತ ಫೋನಿನ್ಯಾಗ ಆ ನಂಬರ್ ಎಲ್ಲಾ ಅದಾವಲ್ರಿ? ಹಚ್ಚ್ರಿ. ಒಂದ ಮನಿ ಕಥಿಗೆ ಸಮಿತಿಯವ್ರು ಅಲ್ಗಾಡಂಗಿಲ್ಲ ಅಂದ್ರಲ್ಲ ಜಡ್ಜ್ ಅಮ್ಮಾರು. ಸಾಕ್ಷಿ ಹೇಳಾಕ ಲ್ಯಾನ್ಸಿಂಗ್‌ಗೆ ಬರ್ತಾರೇನು ಕೇಳ್ರಿ."

ಅವನು ಜೇಬಿನಿಂದ ಫೋನ್ ತೆಗೆದ. ಬೆರಳು ಮರಗಟ್ಟಿತ್ತೋ ಮನಸ್ಸು ಬರಲಿಲ್ಲವೋ, ಒತ್ತಲು ತುಂಬ ಹೊತ್ತು ಹಿಡಿಯಿತು. ಗಾಳಿಗೆ ಕೇಳಿಸದೆಂದು ಸ್ಪೀಕರ್ ಹಾಕಿದ. ಆ ಕಡೆ ಹೆಂಗಸೊಬ್ಬಳು ಹಲೋ ಎಂದಳು.

"ವೈನೀ, ನಾ ಈರೇಶ. ಫೋನ್ ಇಡಬ್ಯಾಡ್ರಿ. ನಿಮ್ಮ ಮನಿ ಬಿಡಿಸಿದ್ದು ನಾನ. ನೀವು ಒಪ್ಪಿದ್ದಿಲ್ಲ, ಒಪ್ಪೀರಿ ಅಂತ ನಾ ಬರ್ಕೊಂಡೆ. ಇದನ್ನ ಸರ್ಕಾರದ ಮುಂದ ನಾ ಹೇಳ್ತೀನಿ. ನೀವೂ ಬಂದು ಹೇಳ್ತೀರೇನ್ರಿ?"

ಆ ಕಡೆಯಿಂದ ಯಾವುದೋ ಟಿವಿಯ ಸದ್ದು, ಯಾರದೋ ಮಗುವಿನ ಅಳು. ಯಾರ ಮನೆಯ ಬೇಸ್‌ಮೆಂಟಿನಲ್ಲಿ ಇದ್ದರೋ.

"ಅವತ್ತ ನೀವು ಫೋನ್ ಹಚ್ಚಿದಾಗ," ಎಂದಳು ಆ ಹೆಂಗಸು, ಸಿಟ್ಟೇ ಇಲ್ಲದ ದನಿಯಲ್ಲಿ, "ನಮ್ಮ ಮಾತು ಕೇಳಿ ಹೋದ ಜೀವ ಬಂದಂಗ ಆಗಿತ್ರಿ." ಫೋನ್ ಕಟ್ಟಾಯಿತು.

ಈರೇಶ್ ಫೋನನ್ನು ಕೈಯಲ್ಲಿ ಹಿಡಿದು ಹಾಗೇ ನಿಂತ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ಅವನನ್ನು ನೋಡಲಾರದೆ ಕಾರಿನ ಬಾಗಿಲು ತೆರೆದೆ. ರೇಣು ಕದಲಲಿಲ್ಲ. ಅವಳ ತುಟಿ ಚಳಿಗೆ ನೀಲಿಗಟ್ಟಿತ್ತು.

"ಮುಂದಿನವ್ರಿಗೆ ಹಚ್ಚ್ರಿ," ಎಂದಳು.